ಏಳು ಖಾಲಿ ಡಬ್ಬಗಳು ಮತ್ತು ಒಂದು ಎಡಗೈ

೧

ಈ ಕಥೆಯನ್ನು ನಾಯಿಯಿಂದ ಶುರು ಮಾಡಬಹುದಿತ್ತು. ಆದರೆ ನಾಯಿಯಿಂದ ಶುರು ಮಾಡಿದರೆ ನೀವು ಅದರ ಕಿವಿ ಸವರುತ್ತಾ ಕೂತುಬಿಡುತ್ತೀರಿ, ಕಥೆ ಎಲ್ಲಿಗೆ ಹೋಯಿತು ಎಂದು ಕೇಳುವವರೇ ಇರುವುದಿಲ್ಲ. ಪೊಲೀಸರಿಂದ ಶುರು ಮಾಡಿದರೆ ಅರ್ಧ ಜನ ಮುಷ್ಟಿ ಬಿಗಿಯುತ್ತೀರಿ, ಇನ್ನರ್ಧ ಜನ ಎದ್ದು ಸೆಲ್ಯೂಟ್ ಹೊಡೆಯುತ್ತೀರಿ. ಎರಡೂ ಭಂಗಿಯಲ್ಲಿ ಪುಸ್ತಕ ಹಿಡಿದುಕೊಳ್ಳುವುದು ಕಷ್ಟ.

(ಕಳ್ಳನಿಂದ ಶುರು ಮಾಡೋಣವೆಂದರೆ ಅವನು ಯಾರೆಂದು ನನಗೆ ಗೊತ್ತಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಮೇಲೆ ಜಗಳಕ್ಕೆ ಬರಬೇಡಿ.)

೧, ಮತ್ತೊಮ್ಮೆ

ಸರಿ, ಕೀಲಿಕೈ ಅಕ್ಕನಿಂದ ಶುರು ಮಾಡುತ್ತೇನೆ. ಎರಡು ಕೈ ಚಾಚಿದರೆ ಎರಡೂ ಗೋಡೆ ಸಿಗುವಂಥ ಅಂಗಡಿ. ಗೋಡೆಯ ತುಂಬ ಮೊಳೆ, ಮೊಳೆಯ ತುಂಬ ಇನ್ನೂ ಹಲ್ಲು ಮೂಡದ ಕೀಲಿಕೈಗಳು, ಮಧ್ಯದಲ್ಲಿ ಹಲ್ಲು ಕೊರೆಯುವ ಮಷೀನು. ವಯಸ್ಸಿನಲ್ಲಿ ದೊಡ್ಡವರೂ ಅವಳನ್ನು ಅಕ್ಕ ಎಂದೇ ಕರೆಯುತ್ತಾರೆ. ಒಂದು ಕೀಲಿಕೈ ಅಂಗೈಯಲ್ಲಿಟ್ಟುಕೊಂಡು, "ನಿಮ್ಮೆಜಮಾನ್ರು ಬಾಗಿಲು ತೆಗೆಯೋವಾಗ ಸಿಟ್ಟಲ್ಲಿರ್ತಾರೆ ಅಲ್ವಾ, ಒಂದೇ ಕಡೆ ಸವೆದಿದೆ ನೋಡಿ," ಎನ್ನುವವಳು. ಕೂದಲೆಳೆಯಷ್ಟು ವ್ಯತ್ಯಾಸ ಕಾಣುವುದೇ ಅವಳ ಕೆಲಸ.

ಒಂದು ಬೆಳಿಗ್ಗೆ ಪಕ್ಕದ ಬೀದಿಯ ಕನ್ನಡಕದ ಅಂಗಡಿಯಲ್ಲಿ ಕಪಾಟುಗಳು ಖಾಲಿಯಾಗಿದ್ದವು. ಬೀಗ ಹಾಕಿದ್ದು ಹಾಕಿದ ಹಾಗೇ ಇತ್ತು, ಒಡೆದಿರಲಿಲ್ಲ. ಪೊಲೀಸರು ಬಂದರು, ಅವರ ಜೊತೆ ನಾಯಿಯೂ ಬಂತು. ನಾಯಿ ಕಪಾಟು ಮೂಸಿತು, ಬೀದಿಗಿಳಿಯಿತು, ತಿರುವಿನಲ್ಲಿ ತಿರುಗಿತು, ನಾಲ್ಕು ಅಂಗಡಿ ದಾಟಿ ಕೀಲಿಕೈ ಅಕ್ಕನ ಅಂಗಡಿಯ ಮುಂದೆ ಬಂದು ಕೂತಿತು.

ಅಷ್ಟೇ. ಬೊಗಳಲಿಲ್ಲ, ಕಚ್ಚಲಿಲ್ಲ, ಕೂತಿತು. ಈ ಇಲಾಖೆಯಲ್ಲಿ ನಾಯಿ ಕೂತರೆ 'ಇಲ್ಲೇ ಇದೆ' ಎಂದು ಅರ್ಥ.

೨

ನಾಯಿಯ ಅಡ್ಡಹೆಸರು ಮೇಷ್ಟ್ರು. ಎಲ್ಲರನ್ನೂ ಹೋಮ್‌ವರ್ಕ್ ಮಾಡಿಲ್ಲವೇನೋ ಎಂಬಂತೆ ನೋಡುತ್ತದೆ. ಇಡೀ ಇಲಾಖೆ ಅದಕ್ಕೆ ಬಹುವಚನ ಕೊಡುತ್ತದೆ.

"ಮೇಷ್ಟ್ರು ಕೂತಿದ್ದಾರೆ. ಏಯ್, ಹೊರಗೆ ಬಾ," ಎಂದ ಕಾನ್‌ಸ್ಟೆಬಲ್.

"ನಾಯಿಗೆ 'ಕೂತಿದ್ದಾರೆ', ನನಗೆ 'ಬಾ'," ಎಂದಳು ಅಕ್ಕ, ಮಷೀನು ನಿಲ್ಲಿಸಿ. "ಇರ್ಲಿ. ಯಾಕೆ ಬರ್ಬೇಕು ಅಂತ ಹೇಳಿ."

ಅಂಗಡಿಯನ್ನೆಲ್ಲ ತಡಕಿದರು, ಮನೆಯನ್ನೂ ತಡಕಿದರು. ಅವಳನ್ನು ಒಂದೂವರೆ ದಿನ ಠಾಣೆಯ ಬೆಂಚಿನ ಮೇಲೆ ಕೂರಿಸಿದರು. ಒಂದು ಫ್ರೇಮೂ ಸಿಗಲಿಲ್ಲ, ಬಿಟ್ಟು ಕಳಿಸಿದರು. ಆದರೆ ಬೀದಿ ಬಿಡಲಿಲ್ಲ. ಯಾರೂ ಬೈಯಲಿಲ್ಲ, ಸುಮ್ಮನೆ ಕೀಲಿಕೈ ತರುವುದನ್ನು ನಿಲ್ಲಿಸಿದರು. ಮನೆಯ ಕೀಲಿಕೈಯನ್ನು ಒಂದು ನಿಮಿಷಕ್ಕಾದರೂ ಪರರ ಕೈಗೆ ಕೊಡುವುದೆಂದರೆ ಸಣ್ಣ ಮಾತಲ್ಲ. ಆ ಒಂದು ನಿಮಿಷದ ನಂಬಿಕೆಯೇ ಅವಳ ಬಂಡವಾಳ. ಮೂರು ವಾರ ಮಷೀನು ತಿರುಗಲಿಲ್ಲ. ಇದು ಹೀಗೇ ಇದ್ದರೆ ಅಂಗಡಿ ಮುಚ್ಚಬೇಕು. ಕಥೆಯಲ್ಲಿ ಪಣಕ್ಕಿರುವುದು ಇದೇ, ಬೇರೇನೂ ಅಲ್ಲ.

೩ (ಹರಿದುಹಾಕಿದ್ದು)

ಇಲ್ಲಿ ನಾನೊಂದು ಚೆಂದದ ತಿರುವು ಬರೆದಿದ್ದೆ. ಕನ್ನಡಕದ ಅಂಗಡಿಯವನ ಭಾವಮೈದುನನೇ ಕಳ್ಳ, ಮಾಲೆಲ್ಲ ಅವನ ಅಟ್ಟದಲ್ಲಿ ಸಿಗುತ್ತದೆ, ಬೀದಿಯವರೆಲ್ಲ ಅಕ್ಕನ ಕ್ಷಮೆ ಕೇಳುತ್ತಾರೆ. ಓದಿ ಹೇಳಿದೆ. ಅಕ್ಕ ಕೈ ಒರೆಸಿಕೊಳ್ಳುತ್ತಾ ಕೇಳಿದಳು:

"ಕಳ್ಳ ಸಿಕ್ಕಿದ್ರೆ ನಾನು ನಿರ್ದೋಷಿ. ಸರಿ. ಸಿಗದೇ ಇದ್ರೆ?"

"ಕಥೆಯಲ್ಲಿ ಸಿಗ್ತಾನಲ್ಲ ಅಕ್ಕ."

"ನೀವು ಹಿಡ್ಕೊಟ್ರೆ ಸಿಗ್ತಾನೆ. ಸಿಗದೇ ಇದ್ರೂ ನಾನು ನಿರ್ದೋಷಿನೇ ಅಲ್ವಾ? ಅದನ್ನ ಬರೀರಿ, ನೋಡೋಣ."

(ಭಾವಮೈದುನನನ್ನು ವಾಪಸು ಕಳಿಸಿದೆ. ಪಾಪ, ಅವನೇನೂ ಮಾಡಿರಲಿಲ್ಲ.)

೪

ಅಕ್ಕ ಪೊಲೀಸರ ಮೇಲಿನ ದೂರು ಕೇಳುವ ಕಚೇರಿಗೆ ಹೋದಳು. ಅಲ್ಲಿನ ವಿಚಾರಣಾಧಿಕಾರಿ ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ಮೇಜಿನ ಮೇಲೆ ಹುಡುಕುವಂಥ ಹೆಂಗಸು.

"ಪರಿಹಾರ ಏನು ಬೇಕಮ್ಮ?" ಎಂದರು ಮೇಡಂ.

"ಪರಿಹಾರ ಆಮೇಲೆ. ನಾಯಿ ಯಾಕೆ ಕೂತ್ಕೊಳ್ತು ಅಂತ ಗೊತ್ತಾಗ್ಬೇಕು."

"ನಾಯಿನ ಕೇಳಕ್ಕಾಗುತ್ತಾ?"

"ನನ್ನ ಕೇಳಿದ್ರಲ್ಲ, ಒಂದೂವರೆ ದಿನ. ಅದನ್ನೂ ಒಂದರ್ಧ ಗಂಟೆ ಕೇಳಿ."

ಮೇಡಂ ನಗಲಿಲ್ಲ. ಕನ್ನಡಕ ಸಿಕ್ಕಿತು, ಹಾಕಿಕೊಂಡು ಬರೆದುಕೊಂಡರು.

೫

ತರಬೇತಿ ಮೈದಾನ, ಬೆಳಿಗ್ಗೆ ಹತ್ತು ಗಂಟೆ. ಹುಲ್ಲಿನ ಮೇಲೆ ಸಾಲಾಗಿ ಏಳು ಡಬ್ಬ. ಒಂದು ಕಡೆ ಅಕ್ಕ, ಮೇಡಂ ಮತ್ತು ಮೇಡಂ ಅವರ ಮೊಬೈಲಿನ ಕ್ಯಾಮೆರಾ. ಇನ್ನೊಂದು ಕಡೆ ನಾಯಿ ಮತ್ತು ಆವತ್ತೂ ಅದರ ಹಗ್ಗ ಹಿಡಿದಿದ್ದ ಹ್ಯಾಂಡ್ಲರ್.

ಹ್ಯಾಂಡ್ಲರನ್ನು ನೀವು ದ್ವೇಷಿಸಲು ಕಾಯುತ್ತಿದ್ದರೆ ಕ್ಷಮಿಸಿ. ಮೊದಲ ಡ್ರಾಫ್ಟಿನಲ್ಲಿ ಅವನಿಗೆ ದಪ್ಪ ಮೀಸೆ, ಕೆಂಪು ಕಣ್ಣು ಕೊಟ್ಟಿದ್ದೆ. ಅವನೇ ಬಂದು ತಕರಾರು ತೆಗೆದ. "ಸಾರ್, ನಾನು ನಾಯಿಗೆ ಬಾಚಣಿಗೆಯಲ್ಲಿ ಬಾಚೋನು. ನನಗೂ ಅದಕ್ಕೂ ಒಂದೇ ಬಾಚಣಿಗೆ. ಇಂಥೋನಿಗೆ ಕೆಂಪು ಕಣ್ಣು ಹೆಂಗೆ ಕೊಡ್ತೀರಿ?" ವಾಪಸು ತೆಗೆದುಕೊಂಡೆ. ಒಂಬತ್ತು ವರ್ಷದಲ್ಲಿ ಎರಡು ನಾಯಿ, ನಲವತ್ತೊಂದು ಪತ್ತೆ, ಗೋಡೆಯ ತುಂಬ ಪ್ರಮಾಣಪತ್ರ.

ಮೇಡಂ ಹೇಳಿದರು: "ಮಾಲಿನ ವಾಸನೆ ಇರೋ ಬಟ್ಟೆ ನಾಲ್ಕನೇ ಡಬ್ಬದಲ್ಲಿದೆ. ನಡೆಸಿ."

ಮೇಷ್ಟ್ರು ನಡೆದರು. ಒಂದು, ಎರಡು, ಮೂರು. ನಾಲ್ಕನೆಯದರ ಮುಂದೆ ಕೂತರು. ಹ್ಯಾಂಡ್ಲರ್ ಬಿಸ್ಕತ್ತು ಕೊಟ್ಟ.

ಮೇಡಂ ಏಳೂ ಡಬ್ಬ ತೆರೆದು ತೋರಿಸಿದರು. ಏಳೂ ಹೊಸವು, ಖಾಲಿ. ನಾಲ್ಕನೆಯದೂ ಖಾಲಿ.

"ಈಗ ಏನೂ ಹೇಳಲ್ಲ. ಇನ್ನೊಂದ್ಸಲ ನಡೆಸಿ."

ಈ ಸಲ ನಾಯಿ ಏಳನ್ನೂ ದಾಟಿತು, ತಿರುಗಿ ಬಂತು, ಮತ್ತೆ ದಾಟಿತು. ಆಮೇಲೆ ನಿಂತು ಹ್ಯಾಂಡ್ಲರನ ಮುಖವನ್ನೇ ನೋಡಿತು.

ಎಲ್ಲರೂ ನಾಯಿಯನ್ನು ನೋಡುತ್ತಿದ್ದರು. ಅಕ್ಕ ಒಬ್ಬಳೇ ನಾಯಿಯನ್ನು ನೋಡುತ್ತಿರಲಿಲ್ಲ.

"ಮೇಡಂ, ಮೊದಲನೇ ಸಲದ್ದು ವಿಡಿಯೋ ಹಾಕಿ. ಸ್ಲೋ ಮಾಡಿ. ನಾಯಿ ಬಿಡಿ, ಇವರ ಎಡಗೈ ನೋಡಿ."

ಮೊಬೈಲಿನ ಸುತ್ತ ಮೂರು ತಲೆ ಸೇರಿದವು. ನಾಲ್ಕನೆಯ ಡಬ್ಬದ ಹತ್ತಿರ ಹ್ಯಾಂಡ್ಲರನ ಎಡಗೈ ಬಿಸ್ಕತ್ತಿನ ಜೇಬಿನ ಕಡೆಗೆ ಸರಿಯಿತು. ಹೆಚ್ಚೇನಿಲ್ಲ, ನಾಲ್ಕು ಬೆರಳಿನಷ್ಟು. ನಾಯಿ ಕೂತದ್ದು ಅದಾದ ಮೇಲೆ.

"ಮೊದ್ಲು ಕೈ. ಆಮೇಲೆ ಕೂರೋದು," ಎಂದಳು ಅಕ್ಕ.

ಹ್ಯಾಂಡ್ಲರ್ ಇನ್ನೊಮ್ಮೆ ನೋಡಿದ, ಮತ್ತೊಮ್ಮೆ ನೋಡಿದ. ಅದು ತನ್ನದೇ ಕೈ ಎಂದು ನಂಬಲು ಅವನಿಗೆ ಹೊತ್ತು ಹಿಡಿಯಿತು.

"ಆವತ್ತು ನಿಮ್ಮ ಬೋರ್ಡ್ ಕಂಡಿತ್ತು," ಎಂದ ನಿಧಾನವಾಗಿ. "ಬೀಗ ಒಡೆದಿಲ್ಲ, ತಿರುವು ದಾಟಿದ್ರೆ ಕೀಲಿಕೈ ಅಂಗಡಿ. ಇದೇ ಇರ್ಬೇಕು ಅಂದ್ಕೊಂಡೆ. ಬರೀ ಮನಸ್ಸಲ್ಲಿ ಅಂದ್ಕೊಂಡೆ ಅಷ್ಟೆ."

"ಮೇಷ್ಟ್ರಿಗೆ ಕೇಳಿಸ್ತು," ಎಂದಳು ಅಕ್ಕ.

(ಇಲ್ಲಿಗೆ ಬಂದಾಗ ಪೆನ್ನು ಕೆಳಗಿಟ್ಟೆ. ಅಕ್ಕ ನನ್ನ ಕಡೆಗೂ ತಿರುಗಿ, "ನಿಮ್ಮ ಕೈ ಎಲ್ಲಿದೆ ಈಗ?" ಎಂದಂತಾಯಿತು. ಯೋಚಿಸಿದರೆ ಹೌದು. ಯಾರ ಬಾಗಿಲ ಮುಂದೆ ಕೂರಬೇಕೆಂದು ನನ್ನ ಪಾತ್ರಗಳಿಗೂ ನಾನೇ ಸನ್ನೆ ಮಾಡುತ್ತೇನೆ, ಆಮೇಲೆ 'ಪಾತ್ರ ತಾನಾಗಿಯೇ ಹಾಗೆ ನಡೆದುಕೊಂಡಿತು' ಎಂದು ಸಂದರ್ಶನ ಕೊಡುತ್ತೇನೆ. ಸಂದರ್ಶನ ಕೇಳುವವರು ಇನ್ನೂ ಯಾರೂ ಬಂದಿಲ್ಲ, ಅದು ಬೇರೆ ಮಾತು.)

೭

(ಆರನೆಯದರಲ್ಲಿ ನಾಯಿಯ ಸ್ವಗತವಿತ್ತು. ನಾಯಿ ಒಪ್ಪಲಿಲ್ಲ.)

ಹ್ಯಾಂಡ್ಲರನ ಸಾಹೇಬರು ಅವನನ್ನು ಕರೆದು ಬಾಗಿಲು ಮುಚ್ಚಿಸಿದರು. ಕೆಟ್ಟ ಮನುಷ್ಯರಲ್ಲ, ನಿವೃತ್ತಿಗೆ ಹತ್ತಿರವಿದ್ದವರು.

"ನಾಯಿಗೆ ನೆಗಡಿ ಇತ್ತು ಅಂತ ಬರ್ಕೊಡಪ್ಪ. ಮುಗೀತು."

"ನೆಗಡಿ ಇರ್ಲಿಲ್ಲ ಸಾರ್."

"ನಿನ್ನ ಕೈ ಅಂತ ಬರೆದ್ರೆ ಏನಾಗುತ್ತೆ ಗೊತ್ತಾ? ಹಳೇ ನಲವತ್ತೊಂದು ಕೇಸನ್ನೂ ಮತ್ತೆ ತೆಗೀತಾರೆ."

ಗೊತ್ತಿತ್ತು. ಮೈದಾನದಿಂದ ಬಂದಾಗಿನಿಂದ ಅದನ್ನೇ ಲೆಕ್ಕ ಹಾಕುತ್ತಿದ್ದ. ಮನೆಗೆ ಹೋಗಿ ಹೆಂಡತಿಯ ಮುಂದೆ ಎಲ್ಲ ಹೇಳಿದ. ಅವಳು ಬಟ್ಟೆ ಮಡಿಸುತ್ತಿದ್ದಳು.

"ಈಗ ಗೊತ್ತಾಯ್ತಾ?" ಎಂದಳು. "ಮನೇಲೂ ಅಷ್ಟೇ. ಟೀ ಬೇಕು ಅಂತ ಬಾಯಿ ಬಿಟ್ಟು ಕೇಳಲ್ಲ, ಲೋಟದ ಕಡೆ ನೋಡ್ತೀರಿ. ಹದಿನಾಲ್ಕು ವರ್ಷದಿಂದ ನಾನೂ ಎದ್ದು ಮಾಡ್ತಿದ್ದೀನಿ."

"ನಲವತ್ತೊಂದು ಜನ ಕಣೇ."

"ಅದಕ್ಕೇ ಬರ್ಕೊಡಿ. ಬಾಯಿಲ್ಲದ ಪ್ರಾಣಿ ಮೇಲೆ ನೆಗಡಿ ಹೊರಿಸಿ ಬಂದ್ರೆ, ಲೋಟ ನೋಡ್ತಾ ಕೂತಿರಿ, ನಾನಂತೂ ಏಳಲ್ಲ."

ಮರುದಿನ ಬರೆದುಕೊಟ್ಟ. ಒಂದೇ ಪುಟ. 'ನಾಯಿಯ ತಪ್ಪಿಲ್ಲ. ನಾನು ಅನುಮಾನಿಸಿದ ಜಾಗದಲ್ಲಿ ಅದು ಕೂತಿದೆ.' ಮೇಡಂ ಆದೇಶ ಹೊರಡಿಸಿದರು. ಮೊದಲನೆಯದಾಗಿ, ಅಕ್ಕನ ಮೇಲಿನ ಅನುಮಾನಕ್ಕೆ ಆಧಾರವಿಲ್ಲ. ಎರಡನೆಯದಾಗಿ, ಮಾಲಿನ ಜಾಗ ಮೊದಲೇ ಗೊತ್ತಿರುವವರು, ಯಾರ ಮೇಲಾದರೂ ಅನುಮಾನವಿರುವವರು ಇನ್ನು ನಾಯಿಯ ಹಗ್ಗ ಹಿಡಿಯುವಂತಿಲ್ಲ. ಮೂರನೆಯದಾಗಿ, ಹಳೆಯ ನಲವತ್ತೊಂದನ್ನೂ ಮತ್ತೆ ನೋಡಬೇಕು, ಪಟ್ಟಿಯನ್ನು ಹ್ಯಾಂಡ್ಲರನೇ ತಯಾರಿಸಬೇಕು. ಅಲ್ಲಿಯವರೆಗೆ ಅವನು ನಾಯಿಗೆ ಊಟ ಹಾಕಬಹುದು, ಬಾಚಬಹುದು, ಬೀದಿಗೆ ಒಯ್ಯುವಂತಿಲ್ಲ. ಇಷ್ಟಾದ ಮೇಲೆ ಅವನಿಗೆ ಊಟ ಸೇರಿತು, ನಿದ್ದೆ ಬಂತು. ಅದು ಅವನಿಗೇ ಆಶ್ಚರ್ಯ.

ಕೊನೆ, ಒಂದು

ಆದೇಶವನ್ನು ಅಕ್ಕ ಅಂಗಡಿಯ ಬಾಗಿಲಿಗೆ ಕಣ್ಣಿನ ಮಟ್ಟಕ್ಕೆ ಅಂಟಿಸಿದಳು. ಬೀದಿಯವರೆಲ್ಲ ಕೀಲಿಕೈ ಹಿಡಿದು ಸಾಲುಗಟ್ಟಿದರು.

ಹಾಗಾಗಲಿಲ್ಲ. ಜನ ಓದಿದರು, ತಲೆಯಾಡಿಸಿದರು, ಹೋದರು. ಬೀದಿಗೆ ನಾಚಿಕೆಯಿಂದ ಹೊರಬರಲೂ ಸಮಯ ಬೇಕು.

ಕೊನೆ, ಎರಡು

ನಿವೃತ್ತರಾದ ಮೇಷ್ಟ್ರು ಅಕ್ಕನ ಅಂಗಡಿಯ ಬಾಗಿಲಲ್ಲಿ ಬಂದು ಮಲಗುತ್ತಾರೆ. (ಇದನ್ನು ಬರೆಯುವಾಗ ನನಗೇ ಕಣ್ಣು ತುಂಬಿತ್ತು.)

"ಕಬ್ಬಿಣದ ಪುಡಿ ಹಾರೋ ಜಾಗ ಇದು," ಎಂದಳು ಅಕ್ಕ. "ನಾಯಿ ಕಣ್ಣಿಗೆ ಹೋದ್ರೆ? ಬರೆಯೋರಿಗೆ ಸ್ವಲ್ಪನಾದ್ರೂ ಯೋಚನೆ ಬೇಡ್ವಾ?"

ಕೊನೆಯಲ್ಲದ್ದು

ಒಂದು ಮಧ್ಯಾಹ್ನ, ಬೀದಿ ತುಂಬಿ ಹರಿಯುವ ಹೊತ್ತಿನಲ್ಲಿ, ಹ್ಯಾಂಡ್ಲರ್ ಯೂನಿಫಾರ್ಮಿನಲ್ಲೇ ಬಂದ. ಕಂಕುಳಲ್ಲಿ ಒಂದು ನೋಟ್‌ಬುಕ್. ತನ್ನ ಮನೆಯ ಕೀಲಿಕೈಯನ್ನು ಎಲ್ಲರಿಗೂ ಕಾಣುವಂತೆ ಕೌಂಟರಿನ ಮೇಲಿಟ್ಟ.

"ಇದಕ್ಕೊಂದು ಜೋಡಿ ಬೇಕಿತ್ತು."

"ನಿಮ್ಮ ಮನೇದಾ?"

"ಹೂಂ. ಮುಂಬಾಗಿಲಿಂದು."

ಅಕ್ಕ ಅವನನ್ನು ನೋಡಿದಳು, ಕೀಲಿಕೈ ನೋಡಿದಳು. ಮಷೀನು ತಿರುಗಿತು. ಆ ಸದ್ದಿಗೆ ಎದುರಿನ ಅಂಗಡಿಯವರು ತಲೆ ಎತ್ತಿದರು. ಅವಳ ಮುಖದಲ್ಲಿ ಬಂದ ಸಮಾಧಾನವನ್ನು ವರ್ಣಿಸಬಲ್ಲೆ, ಆದರೆ ಬೇಡ, ಅದು ಅವಳದು.

"ನನಗಿಂತ ಮುಂಚೆ ಯಾರ್ಯಾರ ಮುಂದೆ ಕೂತಿತ್ತು?" ಎಂದು ಕೇಳಿದಳು, ಕಣ್ಣು ಮಷೀನಿನ ಮೇಲಿಟ್ಟೇ.

"ಬರೀತಾ ಇದ್ದೀನಿ. ಎಷ್ಟರಲ್ಲಿ ನಾಯಿ, ಎಷ್ಟರಲ್ಲಿ ನಾನು, ಗೊತ್ತಾಗ್ತಿಲ್ಲ."

"ಓದಿ ಹೇಳಿ. ಗೊತ್ತಾಗುತ್ತೇನೋ ನೋಡೋಣ."

ಅಷ್ಟರಲ್ಲಿ ಒಬ್ಬ ಹೆಂಗಸು ಬಂದು ಬೀರುವಿನ ಕೀಲಿಕೈ ಮುಂದೆ ಚಾಚಿದಳು. ಅವಳು ಯಾರೆಂದು ನನಗೆ ಗೊತ್ತಿಲ್ಲ. ಕಥೆಗೆ ನಾನು ಕರೆದವಳಲ್ಲ, ನನ್ನ ಎರಡೂ ಕೈ ಮೇಜಿನ ಮೇಲೇ ಇದ್ದವು, ಬೇಕಾದರೆ ನೋಡಿ.

"ಅರ್ಜೆಂಟಾ?" ಎಂದಳು ಅಕ್ಕ.

"ಅರ್ಜೆಂಟೇ ಅಕ್ಕ."

"ಹಾಗಾದ್ರೆ ಆ ಸ್ಟೂಲ್ ಎಳ್ಕೊಂಡು ಕೂತ್ಕೊ. ನೀವು ಓದಿ."

ಹ್ಯಾಂಡ್ಲರ್ ನೋಟ್‌ಬುಕ್ ತೆರೆದ. "ಮೊದಲನೇದು, ಹಳೇ ಬಸ್ ಡಿಪೋ ವಾಚ್‌ಮನ್. ಒಂಬತ್ತು ವರ್ಷದ ಹಿಂದೆ."

ನಾನು ಇಲ್ಲಿಗೆ ನಿಲ್ಲಿಸುವವನಿದ್ದೆ. ಆದರೆ ಬೀರುವಿನ ಹೆಂಗಸು ಬಾಯಿ ಹಾಕಿದಳು.

"ಅವರಿಗೆ ಮಕ್ಕಳಿದ್ರಾ?"

"ಇದ್ರು. ಇಬ್ರು. ಆವತ್ತು ಬಾಗಿಲಲ್ಲೇ ನಿಂತಿದ್ರು."

ಅಕ್ಕ ಮಷೀನು ಆರಿಸಿದಳು.

"ನಿಧಾನಕ್ಕೆ ಹೇಳಿ," ಎಂದಳು. "ಎರಡನೇದಕ್ಕೆ ಆಮೇಲೆ ಬರೋಣ."