ಮೂರನೇ ಪರವಾನಗಿ

"ಶಾಸಕರು ಬಂದು ಹೊರಗೆ ನಿಂತವ್ರೆ ನಾಗಕ್ಕ, ಎದ್ದು ಬಾ," ಎಂದು ಬೋರಣ್ಣ ಬಾಗಿಲಲ್ಲೇ ನಿಂತು ಏದುಸಿರು ಬಿಟ್ಟ.

ನಾಗಕ್ಕ ಏಳಲಿಲ್ಲ. ಪಂಚಾಯ್ತಿ ಅಧ್ಯಕ್ಷರ ಕುರ್ಚಿ ಅವಳಿಗೆ ದೊಡ್ಡದು, ಹಿಂದಕ್ಕೆ ಒರಗಿದರೆ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಅದಕ್ಕೇ ಅವಳು ಯಾವಾಗಲೂ ತುದಿಯಲ್ಲಿ ಕೂರುತ್ತಿದ್ದಳು. ಈಗ ಬೇಕೆಂದೇ ಹಿಂದಕ್ಕೆ ಸರಿದು ಒರಗಿದಳು.

"ಬೆಂಚು ಐತಲ್ಲ, ಕುಂತ್ಕಳಾಕೆ ಹೇಳು. ಈ ಅಜ್ಜಿ ಪಿಂಚಣಿ ಮಾತು ಮುಗೀಲಿ."

"ಲೇ, ಎಂಎಲ್‌ಎ ಕಣಮ್ಮ ಅವರು!"

"ಗೊತ್ತೈತೆ. ನಾನೂ ಅವರ ಮನೆ ಬೆಂಚಿನ ಮ್ಯಾಲೆ ಕುಂತಿದ್ದೋಳೇ."

ಎದುರಿಗಿದ್ದ ಅಜ್ಜಿಯ ಪಿಂಚಣಿಯ ಮಾತು ಆಗಲೇ ಮುಗಿದಿತ್ತು. ನಾಗಕ್ಕ ಅವಳ ಮೊಮ್ಮಗಳ ಬಾಣಂತನ ಕೇಳಿದಳು, ಎಮ್ಮೆ ಗಬ್ಬವೇ ಎಂದು ಕೇಳಿದಳು. ಪಕ್ಕದ ಮೇಜಿನಲ್ಲಿದ್ದ ಅಭಿವೃದ್ಧಿ ಅಧಿಕಾರಿ ಕಿರಣ್‌ಕುಮಾರ್ ಕಂಪ್ಯೂಟರಿನಿಂದ ತಲೆ ಎತ್ತದೆ ಬೆವರು ಒರೆಸಿಕೊಂಡ. ಕಿಟಕಿಯಾಚೆ ಬಿಳಿ ಅಂಗಿಯ ಶಾಸಕ ರಘುನಾಥ್, ಒಂದು ಕಾಲಿಗೆ ಇಟ್ಟಿಗೆ ಕೊಟ್ಟು ನಿಲ್ಲಿಸಿದ್ದ ಬೆಂಚಿನ ಮೇಲೆ ಅತ್ತಿತ್ತ ಓಲಾಡದಂತೆ ಮೈ ಬಿಗಿಹಿಡಿದು ಕೂತಿದ್ದ.

ಅವಳ ಗಂಡ ಎತ್ತಪ್ಪ ಸತ್ತದ್ದು ಹೆದ್ದಾರಿಯ ಮೇಲೆ. ಐಮಂಗಲ ದಾಟಿದ ಮೇಲೆ ಬರುವ ಅವರ ಹಟ್ಟಿ ರಸ್ತೆಯ ಈಚೆಗೆ, ಕುರಿ ಮೇಯುವ ಗುಡ್ಡ, ಕೆರೆ, ಬಸ್ಸು ನಿಲ್ಲುವ ಜಾಗ ಎಲ್ಲವೂ ಆಚೆಗೆ. ರಸ್ತೆ ಅಗಲವಾದ ಮೇಲೆ ಪುಣೆಯ ಕಡೆಯಿಂದ ಬರುವ ಲಾರಿಗಳಿಗೆ ಹಟ್ಟಿಯೊಂದು ಇದೆಯೆಂಬುದೇ ಕಾಣುತ್ತಿರಲಿಲ್ಲ. ಒಂದು ಸಂಜೆ ಮಂದೆಯನ್ನು ಮನೆಗೆ ಹೊಡೆದುಕೊಂಡು ಬರುತ್ತಿದ್ದ ಎತ್ತಪ್ಪನ ಮೇಲೆ ಕಂಟೇನರ್ ಹರಿಯಿತು. ಅವನ ಜೊತೆ ಅರ್ಧ ಮಂದೆಯೂ ಹೋಯಿತು.

ಶವಾಗಾರದ ಮುಂದೆ ರಘುನಾಥ್ ಬಂದಿದ್ದ. ಕ್ಯಾಮೆರಾದವರು ಹೋದ ಮೇಲೆ ಅವಳ ಕಡೆ ತಿರುಗಿ, "ಕುರಿ ಕಾಯೋರು ಕಣ್ಣು ಬಿಟ್ಕಂಡು ದಾಟಬೇಕಮ್ಮ. ಕುರಿ ಹಿಂದೆ ಕುರಿ ಹೋದಂಗೆ ಹೋದ್ರೆ ಹಿಂಗೇ ಆಗೋದು," ಎಂದಿದ್ದ. ಬೈದದ್ದೇನಲ್ಲ. ಊಟ ಆಯ್ತಾ ಎಂದು ಕೇಳಿದಷ್ಟು ಹಗುರವಾಗಿ ಅಂದು, ಕಾರು ಹತ್ತಿದ್ದ.

ರಸ್ತೆಯ ಕೆಳಗೊಂದು ದಾರಿ ಮಾಡಿಸಿಕೊಡಿ ಎಂದು ಅವಳು ಮಗಳು ರಂಜಿತಾಳನ್ನು ಕರೆದುಕೊಂಡು ಅವನ ಮನೆಗೆ ಅಲೆದಳು. "ಹೆದ್ದಾರಿ ಕೇಂದ್ರ ಸರ್ಕಾರದ್ದು. ನಾವು ರಾಜ್ಯದೋರು. ನನ್ನ ಕೈಯಾಗಿಲ್ಲ," ಎಂದ. ಚಿತ್ರದುರ್ಗಕ್ಕೆ ಹೋಗಿ ಸಂಸದರನ್ನು ಕಂಡಳು. ಅವರದು ಬೇರೆ ಪಕ್ಷ. "ರಸ್ತೆ ನಮ್ಮದೇ, ಆದ್ರೆ ಜಾಗ ಕೊಡಬೇಕಾದೋರು ರಾಜ್ಯದೋರು. ಅವರು ಕೊಡಲ್ಲ, ನಾನೇನು ಮಾಡ್ಲಿ?" ಎಂದರು. ಹೆದ್ದಾರಿಯವರ ಕಚೇರಿಯಲ್ಲಿ ಹಿಂದಿ ಮಾತಾಡುವ ಅಧಿಕಾರಿಯೊಬ್ಬ ಕೈ ಅಡ್ಡ ಆಡಿಸಿದ. ತಿರುಗಿ ಬರುವಾಗ ಬಸ್ಸಿಳಿದು, ಮಗಳ ಕೈ ಹಿಡಿದು ಅದೇ ರಸ್ತೆ ದಾಟಬೇಕಿತ್ತು. ಮಧ್ಯದ ಕಟ್ಟೆಯ ಮೇಲೆ ನಿಂತಾಗ ಎರಡೂ ಕಡೆಯ ಲಾರಿಗಳ ಗಾಳಿ ಸೆರಗನ್ನು ಎರಡು ದಿಕ್ಕಿಗೆ ಎಳೆಯುತ್ತಿತ್ತು.

ಪಂಚಾಯ್ತಿ ಚುನಾವಣೆ ಬಂದಾಗ ಅಧ್ಯಕ್ಷ ಸ್ಥಾನ ಹಿಂದುಳಿದ ವರ್ಗದ ಮಹಿಳೆಗೆ ಮೀಸಲಾಯಿತು. ಹಿಂದಿನ ಅಧ್ಯಕ್ಷ ಬೋರಣ್ಣನೇ ನಾಗಕ್ಕನನ್ನು ನಿಲ್ಲಿಸಿದ. ಗಂಡ ಸತ್ತವಳು, ಜನ ಕನಿಕರಕ್ಕೆ ಓಟು ಹಾಕುತ್ತಾರೆ, ಆಮೇಲೆ ತಾನು ಹೇಳಿದ ಕಡೆ ಸಹಿ ಹಾಕಿಕೊಂಡಿರುತ್ತಾಳೆ ಎಂಬುದು ಅವನ ಲೆಕ್ಕ. ನಾಗಕ್ಕ ಒಪ್ಪಿಕೊಂಡಳು. ಅವಳಿಗೆ ಊರು ಉದ್ಧಾರ ಮಾಡುವ ಆಸೆಯೇನೂ ಇರಲಿಲ್ಲ. ಹಟ್ಟಿಯ ಪಕ್ಕದಲ್ಲೇ, ಹೆದ್ದಾರಿಗೆ ಮುಖ ಮಾಡಿ, ರಘುನಾಥನ ಮದುವೆ ಹಾಲ್‌ನ ಕಂಬಗಳು ಏಳುತ್ತಿದ್ದವು. ಇವನು ಒಂದಲ್ಲ ಒಂದು ದಿನ ಪಂಚಾಯ್ತಿ ಬಾಗಿಲಿಗೆ ಬರಲೇಬೇಕು ಎಂದು ಯಾರೋ ಅಂದದ್ದು ಅವಳ ಕಿವಿಗೆ ಬಿದ್ದಿತ್ತು.

ಈಗ ಬಂದಿದ್ದ.

ಅಜ್ಜಿ ಎದ್ದು ಹೋದಳು. ರಘುನಾಥ್ ಒಳಗೆ ಬಂದು ನಗುತ್ತಲೇ ಕೂತ. "ಅಧ್ಯಕ್ಷರು ಬಾಳ ಬಿಜಿ."

"ಹೇಳ್ರಿ ಸ್ವಾಮಿ."

"ಹಾಲ್‌ದು ಕಣಮ್ಮ. ರಸ್ತೆಯಿಂದ ಒಳಗೆ ದಾರಿ ಬಿಡಾಕೆ ಹೆದ್ದಾರಿಯೋರ ಒಪ್ಪಿಗೆ ಬಂದೈತೆ. ಜಮೀನು ಪರಿವರ್ತನೆ ಡಿ.ಸಿ. ಆಫೀಸ್‌ನಾಗೆ ಆಗೈತೆ. ನಿಮ್ಮ ಪಂಚಾಯ್ತಿದೊಂದು ಪರವಾನಗಿ ಬಾಕಿ. ವೈಶಾಖದಾಗೆ ಮಗಳು ಮೋನಿಕಾ ಮದುವೆ, ಅಲ್ಲೇ ಮಾಡಾಣ ಅಂತ. ಬೆಂಗಳೂರಿನ ಮಂತ್ರಿಗಳು ಬರ್ತಾರೆ, ಡೆಲ್ಲಿಯಿಂದಾನೂ ಒಬ್ರು ಬರ್ತಾರೆ."

"ಹೆದ್ದಾರಿಯೋರು ಒಪ್ಪಿದ್ರಾ?" ನಾಗಕ್ಕ ಕೇಳಿದಳು. "ಅದು ಕೇಂದ್ರದ್ದಲ್ವಾ?"

"ಕೇಂದ್ರದ್ದೇ. ಹೋಗಿ ಕುಂತು ಮಾತಾಡಿದ್ರೆ ಆಗ್ತೈತೆ."

ಆ ಮಾತು ಅವಳ ಎದೆಯಲ್ಲಿ ಮುಳ್ಳಿನ ಹಾಗೆ ಇಳಿಯಿತು. ಹೋಗಿ ಕುಂತು ಮಾತಾಡಿದ್ರೆ ಆಗ್ತೈತೆ.

"ಹಂಗಾರೆ ಇನ್ನೊಂದ್ಸಾರಿ ಹೋಗಿ ಕುಂತ್ಕಳ್ರಿ. ರಸ್ತೆ ಕೆಳಗೆ ಜನ, ಕುರಿ ದಾಟಾಕೆ ದಾರಿ ತರ್ರಿ. ಆ ದಾರಿ ಮುಗಿದ ಮ್ಯಾಲೆ ನಿಮ್ಮ ಅರ್ಜಿ ಸಭೆಗೆ ಇಡ್ತೀನಿ."

ರಘುನಾಥ್ ಬೋರಣ್ಣನ ಮುಖ ನೋಡಿದ. ಬೋರಣ್ಣ ನೆಲ ನೋಡಿದ.

"ಆತು ಅಂತ ತಿಳ್ಕಳ್ಳಾ?" ಎಂದ ರಘುನಾಥ್.

"ಸಭೆಗೆ ಇಡ್ತೀನಿ ಅಂದೆ."

ಕೆಲಸ ಅವಳು ನೆನೆಸಿದ್ದಕ್ಕಿಂತ ಬೇಗ ಆಯಿತು. ಗಣೇಶನ ಹಬ್ಬ ಕಳೆಯುತ್ತಿದ್ದಂತೆ ರಾಜ್ಯದ ಜೀಪುಗಳೂ ಕೇಂದ್ರದ ಕಾರುಗಳೂ ಒಟ್ಟಿಗೇ ಹಟ್ಟಿಯ ಮುಂದೆ ನಿಂತವು. ಎರಡೂ ಕಡೆಯವರು ಒಂದೇ ಛತ್ರಿಯ ನೆರಳಲ್ಲಿ ನಕ್ಷೆ ಹಿಡಿದು ನಗುನಗುತ್ತ ಮಾತಾಡಿದರು. ಕನ್ನಡ ಬಲ್ಲ ಎಂಜಿನಿಯರ್ ಒಬ್ಬ ನೀರು ಕೇಳಿಕೊಂಡು ಬಂದವನು ನಾಗಕ್ಕನ ಎದುರೇ ಹೇಳಿದ: "ಈ ದಾರಿ ಮೊದಲೇ ನಕ್ಷೆಯಲ್ಲಿತ್ತಮ್ಮ. ರಾಜ್ಯದಿಂದ ಆ ಮೂಲೆ ಜಾಗ ಕೊಡಲಿಲ್ಲ, ನಾವೂ ಕೇಳಲಿಲ್ಲ. ಬಿಟ್ಟುಬಿಟ್ಟರು."

"ಯಾರು ಬಿಟ್ರು?"

ಅವನು ಚೊಂಬನ್ನು ಕೆಳಗಿಟ್ಟ. "ಯಾರೂ ಬಿಡಲಿಲ್ಲ. ಹಾಗೇ ಬಿಟ್ಟುಹೋಯಿತು."

ಆ ರಾತ್ರಿ ಅವಳು ಊಟ ಮಾಡಲಿಲ್ಲ. ಆಗದ ಕೆಲಸಕ್ಕಾಗಿ ಎತ್ತಪ್ಪ ಸತ್ತ ಎಂದು ಇಷ್ಟು ದಿನ ತಿಳಿದಿದ್ದಳು. ಈಗ ನೋಡಿದರೆ ಒಂದು ಛತ್ರಿಯ ಕೆಳಗೆ, ಒಂದು ಬೆಳಗಿನಲ್ಲಿ ಆಗುವ ಕೆಲಸಕ್ಕಾಗಿ ಸತ್ತಿದ್ದ. ಮಣ್ಣು ತೆಗೆಯುವ ಯಂತ್ರ ದಿನವೂ ಗುದ್ದುತ್ತಿದ್ದರೆ ಹಟ್ಟಿಯವರಿಗೆಲ್ಲ ಸಂಭ್ರಮ. ನಾಗಕ್ಕನಿಗೆ ಮಾತ್ರ ಒಂದೊಂದು ಗುದ್ದಿಗೂ ಸಿಟ್ಟು ಇನ್ನಷ್ಟು ಗಟ್ಟಿಯಾಗುತ್ತಿತ್ತು.

ಯುಗಾದಿಯ ಹೊತ್ತಿಗೆ ಕಾಂಕ್ರೀಟಿನ ಗೋಡೆಗಳು ನಿಂತು ಮೇಲೆ ರಸ್ತೆ ಕೂಡಿತು. ಕೆಳಗೆ ಜನ ಓಡಾಡತೊಡಗಿದರು. ನಾಗಕ್ಕ ಮಾತ್ರ ಆ ಕಡೆ ಹೋಗಲಿಲ್ಲ. ಅವಳ ಮಂದೆಯನ್ನು ಮೈದುನ ಹೊಡೆದುಕೊಂಡು ಹೋಗುತ್ತಿದ್ದ. ಮಾತಿನಂತೆ ಅವಳು ಸಭೆಯ ದಿನ ಗೊತ್ತು ಮಾಡಿದಳು. ಮದುವೆಗೆ ವಾರಗಳಷ್ಟೇ ಉಳಿದಿದ್ದವು.

ಹಿಂದಿನ ಸಂಜೆ ರಂಜಿತಾ ರೊಟ್ಟಿ ತಟ್ಟುತ್ತ, "ಅವ್ವ, ದಾರಿ ಬಂತಲ್ಲ. ಕೊಟ್ಟು ಕೈ ತೊಳಕ," ಎಂದಳು.

"ಕೊಡ್ತೀನಿ ಅಂತ ನಾನು ಯಾವಾಗ ಅಂದೆ?"

ರಂಜಿತಾ ತಿರುಗಿ ನೋಡಿದಳು. ಹಿರಿಯೂರಿನ ಕಾಲೇಜಿಗೆ ಹೋಗುವ ಹುಡುಗಿ. ದಿನವೂ ಅಪ್ಪ ಸತ್ತ ಜಾಗದಲ್ಲೇ ರಸ್ತೆ ದಾಟಿದವಳು. "ಈಗ ನಾನು ಹೆದರದೆ ಕಾಲೇಜಿಗೆ ಹೋಗ್ತೀನಿ. ನಂಗೆ ಅಷ್ಟು ಸಾಕು. ಅಪ್ಪ ಇದ್ದಿದ್ರೂ ಸಾಕು ಅಂತಿದ್ದ."

"ನಿಮ್ಮಪ್ಪ ಇದ್ದಿದ್ರೆ ನಾನ್ಯಾಕೆ ಆ ಕುರ್ಚಿ ಮ್ಯಾಲೆ ಕುಂತ್ಕತಿದ್ದೆ?"

ಹೆಂಚಿನ ಮೇಲಿನ ರೊಟ್ಟಿ ಸೀದಿತು. ಇಬ್ಬರೂ ತೆಗೆಯಲಿಲ್ಲ.

ಬೆಳಗ್ಗೆ ಸಭೆಗೆ ಮುಂಚೆ ಕಿರಣ್‌ಕುಮಾರ್ ಮೆಲ್ಲಗೆ ಕೇಳಿದ: "ಬೇಡ ಅನ್ನೋದಾದ್ರೆ ಕಾರಣ ಬೇಕು ಮೇಡಂ."

"ಹಾಲ್‌ನ ಕಾಂಪೌಂಡು ಹಳೇ ಬಂಡಿ ದಾರಿ ಮ್ಯಾಲೆ ಬಂದೈತಾ ಇಲ್ವಾ?"

"ಬಂದಿದೆ."

"ಅದೇ ಕಾರಣ."

"ಅವರು ತಾಲ್ಲೂಕಿಗೆ ಮೇಲ್ಮನವಿ ಹಾಕ್ತಾರೆ. ಅಲ್ಲಿ ಅವರಿಗೇ ಆಗುತ್ತೆ."

"ಆಗಾಕೆ ಎಷ್ಟು ದಿನ?"

"ಏನಿಲ್ಲ ಅಂದ್ರೂ ಎರಡು ತಿಂಗಳು."

"ಮದುವೆಗೆ ಅಷ್ಟು ದಿನ ಇಲ್ವಲ್ಲ," ಎಂದಳು ನಾಗಕ್ಕ. ಅವನಿಗೆ ಅರ್ಥವಾಯಿತು. ಪರವಾನಗಿ ಇಲ್ಲದೆ ವಿದ್ಯುತ್ತು ಬರುವುದಿಲ್ಲ. ಅಕ್ರಮ ಕಟ್ಟಡದಲ್ಲಿ ಮಂತ್ರಿಗಳು ಅಕ್ಷತೆ ಹಾಕಿದರೆ ಎದುರು ಪಕ್ಷದವರು ಸಂಜೆಗೇ ಟಿವಿಯಲ್ಲಿ ಕೂರುತ್ತಾರೆ. ಅವನು ಬಾಗಿಲ ಕಡೆ ಒಮ್ಮೆ ನೋಡಿದ. "ನನ್ನನ್ನ ಎತ್ತಂಗಡಿ ಮಾಡ್ತಾರೆ ಮೇಡಂ. ನಾನು ರಾಜ್ಯ ಸರ್ಕಾರದ ನೌಕರ. ನಿಮ್ಮನ್ನ ಮುಟ್ಟೋಕಾಗಲ್ಲ, ನನ್ನನ್ನ ಮುಟ್ತಾರೆ. ನನ್ನ ಹೆಂಡ್ತಿ ಕೆಲಸ ಹಿರಿಯೂರಲ್ಲಿ. ಮಗು ಚಿಕ್ಕದು."

ಅವನು ಕೆಟ್ಟವನಲ್ಲ. ಎತ್ತಪ್ಪನ ಮರಣ ಪತ್ರಕ್ಕೆ ಅಲೆಸದೆ ಕೊಟ್ಟವನು. ನಾಗಕ್ಕನಿಗೆ ಎದೆಯೊಳಗೆ ಏನೋ ಒಂದು ಗಳಿಗೆ ಸಡಿಲವಾಯಿತು. ಶವಾಗಾರದ ಮುಂದಿನ ಆ ಹಗುರವಾದ ದನಿ ನೆನಪಾಗಿ ಮತ್ತೆ ಬಿಗಿಯಿತು.

"ಸಭೆ ಕರೆಯಪ್ಪ," ಎಂದಳು.

ಸಭೆಯಲ್ಲಿ ಬೋರಣ್ಣ ಎದ್ದು ನಿಂತು, ಶಾಸಕರು ಊರಿಗೆ ದಾರಿ ತಂದುಕೊಟ್ಟರು, ಅವರಿಗೆ ಇದೊಂದು ಪರವಾನಗಿ ಕೊಡದಿದ್ದರೆ ನಾವು ಮನುಷ್ಯರೇ ಅಲ್ಲ ಎಂದ. ಒಪ್ಪುವವರು ಕೈ ಎತ್ತಿ ಎಂದಾಗ ಅವನ ಕಡೆಯವರ ಕೈಗಳು ಮೇಲೆದ್ದವು. ಬೇಡ ಎನ್ನುವವರು ಎಂದಾಗ ಮೊದಲು ಯಾರೂ ಎತ್ತಲಿಲ್ಲ. ಆಮೇಲೆ ಮೂಲೆಯಿಂದ ಸದಸ್ಯೆ ಶಾಂತಕ್ಕ ಎತ್ತಿದಳು. ಅವಳ ತಮ್ಮನೂ ಅದೇ ರಸ್ತೆಯಲ್ಲಿ ಕಾಲು ಕಳೆದುಕೊಂಡಿದ್ದ. ಅವಳನ್ನು ನೋಡಿ ಉಳಿದ ಹೆಣ್ಣು ಸದಸ್ಯರು ಒಬ್ಬೊಬ್ಬರಾಗಿ ಎತ್ತಿದರು. ಎರಡೂ ಕಡೆ ಸಮವಾಯಿತು. ನಿರ್ಧಾರ ಅಧ್ಯಕ್ಷರಿಗೆ ಬಿತ್ತು.

ನಾಗಕ್ಕ ಬೇಡ ಎನ್ನುವವರ ಕಡೆಗೆ ಕೈ ಎತ್ತಿದಳು.

"ಉಂಡ ಮನೆಗೆ ಎರಡು ಬಗೀತೀಯೇನೇ!" ಎಂದು ಬೋರಣ್ಣ ಕೂಗಿದ.

"ನಾನು ಯಾರ ಮನೆಯಾಗೂ ಉಂಡಿಲ್ಲ ಬೋರಣ್ಣ," ಎಂದಳು.

ಮಾರನೆಯ ದಿನ ಬೆಳಗ್ಗೆ ಅವಳು ರೊಪ್ಪದಲ್ಲಿ ಕುರಿ ಹಿಕ್ಕೆ ಗುಡಿಸುತ್ತಿದ್ದಾಗ ರಘುನಾಥ್ ಬಂದ. ಬೋರಣ್ಣನಿಲ್ಲ, ಹಿಂಬಾಲಕರಿಲ್ಲ. ಮುಳ್ಳುಬೇಲಿಯ ಆಚೆ ನಿಂತ. ರಾತ್ರಿಯೆಲ್ಲ ನಿದ್ದೆ ಕೆಟ್ಟ ಮುಖ.

"ಮಗಳ ಮದುವೆ ಕಣಮ್ಮ. ಲಗ್ನಪತ್ರಿಕೆ ಹಂಚಾಗೈತೆ. ಬೀಗರ ಮುಂದೆ ನಾನು ಏನಂತ ಹೇಳ್ಲಿ?"

ಅವಳು ಗುಡಿಸುತ್ತಲೇ ಇದ್ದಳು. ಈ ಗಳಿಗೆಗಾಗಿ ಅವಳು ಎಷ್ಟೋ ರಾತ್ರಿ ಮಾತು ಕೂಡಿಸಿಟ್ಟಿದ್ದಳು.

"ನಿಜ ಹೇಳು," ಎಂದು ಅವನು ದನಿ ತಗ್ಗಿಸಿದ. "ಯಾರು ಹೇಳಿಕೊಟ್ರು? ಎಂಪಿ ಕಡೆಯೋರಾ?"

"ಎತ್ತಪ್ಪ."

"ಯಾವ ಎತ್ತಪ್ಪ? ಯಲ್ಲದಕೆರೆಯೋನಾ?"

ನಾಗಕ್ಕನ ಪೊರಕೆ ನಿಂತಿತು. ಅವನ ಮುಖ ನೋಡಿದಳು. ನಟನೆಯಲ್ಲ. ಅವನು ನಿಜವಾಗಿಯೂ ತನ್ನ ವೈರಿಗಳಲ್ಲಿ ಎತ್ತಪ್ಪ ಎಂಬ ಹೆಸರಿನವನು ಯಾರೆಂದು ಹುಡುಕುತ್ತಿದ್ದ.

"ನನ್ನ ಗಂಡ," ಎಂದಳು. "ರೋಡಿನಾಗೆ ಸತ್ತೋನು. ಹೆಣದ ಮುಂದೆ ನಿಂತು ನೀವು ನಂಗೆ ಒಂದು ಮಾತಂದ್ರಿ."

"ನಾನು ಏನಂದೆ?"

ಅವಳು ಹೇಳಿದಳು. ಅವನು ಹಣೆ ಸುಕ್ಕುಗಟ್ಟಿಸಿ ನೆನಪಿಸಿಕೊಳ್ಳಲು ನೋಡಿದ, ಆಗಲಿಲ್ಲ. "ಅಂದಿರಬೌದು ಕಣಮ್ಮ," ಎಂದ ಕೊನೆಗೆ. "ದಿನಾ ಎಷ್ಟು ಸಾವಿಗೆ ಹೋಗ್ತೀನಿ. ಬಾಯಿಗೆ ಬಂದಿದ್ದು ಅಂದಿರ್ತೀನಿ. ಅಷ್ಟಕ್ಕೇ ಹಿಂಗೆ ಮಾಡಿದ್ಯಾ?"

"ಅಷ್ಟಕ್ಕೇ."

ಒಂದು ಕುರಿಮರಿ ಬೇಲಿಯ ಸಂದಿಯಿಂದ ಮೂತಿ ತೂರಿಸಿ ಅವನ ಪಂಚೆಯ ಅಂಚನ್ನು ಬಾಯಿಗೆ ಹಾಕಿಕೊಂಡಿತು. ಅವನು ಬಿಡಿಸಿಕೊಂಡು ಹೋದ. ಕೂಡಿಸಿಟ್ಟ ಮಾತುಗಳೆಲ್ಲ ಅವಳ ಬಾಯಲ್ಲೇ ಉಳಿದವು.

ಮದುವೆ ಚಿತ್ರದುರ್ಗದ ಬೇರೊಂದು ಛತ್ರದಲ್ಲಿ ಇಕ್ಕಟ್ಟಿನಲ್ಲಿ ಆಯಿತಂತೆ. ಡೆಲ್ಲಿಯವರು ಬರಲಿಲ್ಲವಂತೆ. ಹಟ್ಟಿಯ ಹೆಂಗಸರು ಸುದ್ದಿಯನ್ನು ಬಾಯಿ ಚಪ್ಪರಿಸಿ ಹೇಳಿದರು, ನಾಗಕ್ಕನೂ ನಕ್ಕಳು. ಅವತ್ತು ಎರಡು ಸಾರಿ ಅನ್ನ ಬಡಿಸಿಕೊಂಡಳು. ಮುಂದಿನ ವಾರ ಕಿರಣ್‌ಕುಮಾರನಿಗೆ ಹೊಸದುರ್ಗದ ಮತ್ತೋಡಿನ ಕಡೆ ವರ್ಗವಾಯಿತು. ಹೋಗುವ ದಿನ ಅವನು ಅವಳಿಗೆ ನಮಸ್ಕಾರ ಮಾಡಿದ, ಮುಖ ನೋಡಲಿಲ್ಲ. ಮೇಲ್ಮನವಿಯಲ್ಲಿ ಹಾಲ್‌ಗೆ ಪರವಾನಗಿಯೂ ಸಿಕ್ಕಿತು. ಆಷಾಢ ಕಳೆದ ಮೇಲೆ ಅಲ್ಲಿ ಯಾರ ಯಾರದೋ ಮದುವೆಯ ವಾಲಗ ಕೇಳತೊಡಗಿತು.

ಕೆಳದಾರಿಯ ಈಚೆ ಬದಿಗೆ ಶಾಸಕರ ಚಿತ್ರದ ಫ್ಲೆಕ್ಸ್ ಕಟ್ಟಿದ್ದರು, ಆಚೆ ಬದಿಗೆ ಸಂಸದರದು. ಎರಡರಲ್ಲೂ ಹಟ್ಟಿಯ ಜನರ ಬಹುದಿನದ ಕನಸು ನನಸಾಗಿಸಿದವರಿಗೆ ಅಭಿನಂದನೆ ಇತ್ತು.

ಮೈದುನನಿಗೆ ಜ್ವರ ಬಂದ ದಿನ ಮಂದೆಯನ್ನು ನಾಗಕ್ಕನೇ ಹೊಡೆದುಕೊಂಡು ಹೊರಟಳು. ಬಿಸಿಲು ಸುಡುತ್ತಿತ್ತು. ಫ್ಲೆಕ್ಸ್ ದಾಟಿ ಒಳಗೆ ಹೋಗುತ್ತಿದ್ದಂತೆ ಕುರಿಗಳು ನಡಿಗೆ ನಿಧಾನ ಮಾಡಿದವು. ನೆಲ ತಣ್ಣಗಿತ್ತು. ಮುಂದಿನದೊಂದು ಮೊಣಕಾಲೂರಿ ಮಲಗಿತು, ಅದರ ಹಿಂದೆ ಒಂದೊಂದಾಗಿ ಎಲ್ಲವೂ ಮಲಗಿ ಮೆಲುಕು ಹಾಕತೊಡಗಿದವು. ಎಬ್ಬಿಸಲು ಕೋಲು ಎತ್ತಿದವಳು ಕೆಳಗಿಳಿಸಿದಳು. ಗೋಡೆಗೆ ಒರಗಿ ತಾನೂ ಕೂತಳು. ತಲೆಯ ಮೇಲೆ ಲಾರಿಯೊಂದು ಹಾದುಹೋಯಿತು, ಅದರ ಅದುರು ಗೋಡೆಯಿಂದ ಅವಳ ಬೆನ್ನಿಗೆ ಇಳಿಯಿತು. ಇನ್ನೊಂದು ಹಾದುಹೋಯಿತು. ಕುರಿಗಳು ಕಿವಿಯನ್ನೂ ಅಲುಗಿಸಲಿಲ್ಲ.