ಗೂಟದ ಮೇಲಿನ ಪಂಚೆ

ಬೆಲ್ಲದ ಮಂಡಿಯ ಕೆಲಸಕ್ಕೆ ಬೇರೆ ಬಟ್ಟೆ. ಮನೆಯಿಂದ ಉಟ್ಟು ಬಂದದ್ದನ್ನು ಗೂಟಕ್ಕೆ ಹಾಕಿ, ಅಂಟು ಹತ್ತಿದ ಹಳೆಯದನ್ನು ಸುತ್ತಿಕೊಳ್ಳುತ್ತೇವೆ. ಸಂಜೆ ಕೈಕಾಲು ತೊಳೆದು ಮತ್ತೆ ಮನೆಯ ಬಟ್ಟೆ. ಗೂಟದ ಬಟ್ಟೆಗೆ ಬೆಲ್ಲ ಸೋಕಬಾರದು. ಯಶವಂತಪುರದ ನಮ್ಮ ಮಂಡಿಯಲ್ಲಿ ನಿಯತ್ತಿನ ಗುರುತು ಅದೇ.

ಆ ಸಂಜೆ ನನ್ನ ಬಿಳಿ ಪಂಚೆಯ ತುಂಬ ಇರುವೆ.

"ಬ್ಯಾಟಣ್ಣ, ಪಂಚೆಗೂ ಬೆಲ್ಲ ತಿನ್ನಿಸ್ತೀಯಾ?" ಜೊತೆಯ ಹಮಾಲಿ ಚಿಕ್ಕಬೈರಪ್ಪ ಪಂಚೆ ಎತ್ತಿ ಮೂಗಿನ ಹತ್ತಿರ ಹಿಡಿದ.

"ಮುಟ್ಬೇಡ!" ಎಂದು ಕಿತ್ತುಕೊಂಡೆ.

ನಗುತ್ತಿದ್ದವರೆಲ್ಲ ನನ್ನತ್ತ ತಿರುಗಿದರು. ಸಾಹುಕಾರ ವಿಜಯ್ ಕುಮಾರ್ ಗಾದಿಯಿಂದಲೇ ನೋಡಿದರು. ಅವರ ತಂದೆಯ ಕಾಲದಿಂದ ಅಲ್ಲಿದ್ದವನು ನಾನು.

"ಬೇಕಿದ್ರೆ ಕೇಳ್ಬಾರ್ದಿತ್ತಾ ಬ್ಯಾಟರಾಯಪ್ಪನೋರೇ? ಒಂದಚ್ಚು ಬೆಲ್ಲಕ್ಕೆ ಇಲ್ಲ ಅಂತಿದ್ನಾ?"

ಕದ್ದಿಲ್ಲ ಎನ್ನಬಹುದಿತ್ತು. ಹಾಗಾದರೆ ಕಿತ್ತುಕೊಂಡದ್ದೇಕೆ ಎಂದು ಕೇಳುತ್ತಿದ್ದರು. ಬೆಳಿಗ್ಗೆ ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಬಸ್ಸು ನಿಂತೇಬಿಟ್ಟಿತ್ತು. ಉಚ್ಚೆ ತಡೆಯಲಾಗಲಿಲ್ಲ. ಪಂಚೆಯನ್ನು ಬಿಸಿಲಿಗೆ ಆರಿಸಿ, ಯಾರೂ ಬರುವ ಮೊದಲೇ ಗೂಟಕ್ಕೆ ಹಾಕಿದ್ದೆ. ಈ ವಯಸ್ಸಿನಲ್ಲಿ ಅದನ್ನು ಯಾವ ಬಾಯಲ್ಲಿ ಹೇಳುವುದು? ಇರುವೆ ಏಕೆ ಬಂತೋ ನನಗೂ ತಿಳಿಯದು. ತಲೆ ತಗ್ಗಿಸಿ ಹೊರಟುಬಂದೆ.

ಅಬ್ಬಿಗೆರೆಯ ಮನೆಯಲ್ಲಿ ನನ್ನ ಹೆಂಡತಿ ಮುನಿಕೃಷ್ಣಮ್ಮ ಕೊಟ್ಟ ಚೊಂಬು ನೀರನ್ನು ಒಂದೇ ಉಸಿರಿಗೆ ಕುಡಿದೆ. ನಡೆದದ್ದು ಕೇಳಿ ಅವಳು ಬಚ್ಚಲ ಕಡೆ ಕೈ ತೋರಿಸಿದಳು.

"ಅಲ್ಲೂ ಇರುವೆ ಸಾಲುಗಟ್ಟೈತೆ. ಅಲ್ಲೇನ್ ಬೆಲ್ಲ ಬಚ್ಚಿಟ್ಟಿದ್ದೀಯಾ? ಚೊಂಬುಗಟ್ಲೆ ನೀರು ಕುಡೀತೀಯ, ರಾತ್ರಿಯೆಲ್ಲಾ ಎದ್ದೆದ್ದು ಓಗ್ತೀಯ. ಉಡಿದಾರ ಸೊಂಟದಲ್ಲಿ ನಿಲ್ತಿಲ್ಲ. ನಮ್ಮಣ್ಣಂಗೂ ಇಂಗೇ ಸುರುವಾಗಿದ್ದು. ಸಕ್ಕರೆ ಕಾಯ್ಲೆ ಅದು."

ಮರೆತಿರಲಿಲ್ಲ. ಅವಳ ಅಣ್ಣನ ಮನೆಯ ಹಿತ್ತಲ ಗೋಡೆಯ ಬುಡದಲ್ಲೂ ಹೀಗೇ ಇರುವೆ ಮುತ್ತುತ್ತಿತ್ತು. ಅರಿಸಿನ ಚೆಲ್ಲಿ ಇರುವೆ ಓಡಿಸಿ ಸುಮ್ಮನಾಗಿದ್ದೆವು. ಆಮೇಲೆ ಅವನ ಕಾಲನ್ನೇ ತೆಗೆದರು.

"ಪಂಚೇಲಿ ಓಯ್ತು ಅಂತ ಎಂಗೆ ಏಳ್ಲಿ, ಮುನೀ?"

"ಕಳ್ಳ ಅನ್ನಿಸ್ಕಂಡು ಬರಾಕಾಯ್ತದೆ, ಇದು ಏಳಾಕಾಗಕಿಲ್ವಾ?"

ಮರುದಿನ ಆಸ್ಪತ್ರೆಯಲ್ಲಿ ಬೆರಳು ಚುಚ್ಚಿ ನೋಡಿದರು. "ಇಷ್ಟು ಏರೋವರ್ಗೂ ಏನ್ ಮಾಡ್ತಿದ್ರಿ ತಾತ?" ಎಂದರು ಡಾಕ್ಟರಮ್ಮ.

"ಮುಚ್ಚಿಡ್ತಿದ್ದೆ, ತಾಯಿ."

ಅಲ್ಲಿಂದ ನೇರ ಮಂಡಿಗೆ ಹೋದೆ. ಎಲ್ಲರೂ ಇದ್ದರು. ಸಾಹುಕಾರರೊಬ್ಬರನ್ನೇ ಕರೆದು ಹೇಳೋಣವೆನ್ನಿಸಿತು. ಆದರೆ ಕಳ್ಳನೆಂದು ಕಂಡದ್ದು ಎಲ್ಲರ ಕಣ್ಣಿಗೆ.

"ಸಾಹುಕಾರ್ರೇ, ನಿನ್ನೆ ಪಂಚೇಲಿದ್ದಿದ್ದು ಬೆಲ್ಲ ಅಲ್ಲ. ಬಸ್ಸಲ್ಲಿ ಉಚ್ಚೆ ತಡ್ಯಾಕಾಗ್ಲಿಲ್ಲ. ಸಕ್ಕರೆ ಕಾಯ್ಲೆಯಂತೆ. ಅದ್ಕೇ ಇರುವೆ."

ಚಿಕ್ಕಬೈರಪ್ಪ ಮೂಟೆಯ ಬಾಯಿ ಹೊಲಿಯುತ್ತಿದ್ದವನು ದಬ್ಬಣ ಹಿಡಿದು ಹಾಗೇ ಕುಳಿತಿದ್ದ. ಸಾಹುಕಾರರು ಎದ್ದು ಬಂದರು. ಮಂಡಿಗೆ ಬಂದವರಿಗೆ ಬೆಲ್ಲ, ನೀರು ಕೊಡುವುದು ಅವರ ತಂದೆ ಹಾಕಿಕೊಟ್ಟ ಪದ್ಧತಿ. ಏನು ಮಾಡಬೇಕೆಂದು ತೋಚದೆಯೋ ಏನೋ, ಒಂದು ಕೈಯಲ್ಲಿ ಲೋಟ, ಇನ್ನೊಂದರಲ್ಲಿ ಬೆಲ್ಲದ ಚೂರು ಹಿಡಿದು ನನ್ನ ಮುಂದೆ ಚಾಚಿದರು. ಬೆಲ್ಲದ ಕೈ ನಡುವೆಯೇ ನಿಂತಿತು.

"ತಪ್ಪಾಯ್ತು," ಎಂದರು. ಯಾವುದಕ್ಕೆ ಎಂದು ನಾನು ಕೇಳಲಿಲ್ಲ.

ನೀರನ್ನು ಮಾತ್ರ ತೆಗೆದುಕೊಂಡೆ.