ಕೆಂಪು ಕೊಂಬು

ನಳಿಕೆಗಳ ಡಬ್ಬಿಯ ಮುಚ್ಚಳದ ಮೇಲೆ ಏನೋ ಕೆಂಪಗೆ, ಕೋಶಗಳಿಗೆ ಹಾಕುವ ದ್ರವ ಸಿಡಿದಿರಬೇಕು, ಆಮೇಲೆ ಒರೆಸಿದರಾಯ್ತು, ಈಗ ಹಾರ್ಮೋನು ಅಳೆಯುವ ಯಂತ್ರ ಆರನೇ ನಳಿಕೆಯನ್ನು ಹೀರುತ್ತಿದೆ, ಒಂದೊಂದಕ್ಕೂ ಒಂದು ನಿಮಿಷ, ಹದಿನೇಳಕ್ಕೆ ಇನ್ನೂ ಹನ್ನೊಂದು, ಅಷ್ಟು ಹೊತ್ತು ಅವಳು ಸುಮ್ಮನೆ ಉಸಿರಾಡಿಕೊಂಡಿದ್ದರೆ ಸಾಕು — ಬೆಳಿಗ್ಗೆಯಿಂದ ಸೊಂಟ ಬೇರೆ ಹಿಡಿದಿದೆ, ಈ ಸ್ಟೂಲಿಗೂ ಅವಳ ಸೊಂಟಕ್ಕೂ ಹನ್ನೊಂದು ವರ್ಷದ ಹಗೆ. ಒಂದರಿಂದ ಹದಿನಾರು ಹಂದಿಯವು, ಹದಿನೇಳು ಅವಳದೇ ರಕ್ತ, ಯಾರಿಗೂ ಗೊತ್ತಿಲ್ಲ. ಹೊರಗೆ ಮಾಡಿಸೋಣವೆಂದರೆ ರಕ್ತಪರೀಕ್ಷೆಯ ಕೌಂಟರಿನಲ್ಲಿ ಕೂತಿರುವುದೇ ನಾದಿನಿ, ರಿಪೋರ್ಟು ಪ್ರಿಂಟಾಗುವ ಮೊದಲೇ ಅತ್ತೆಯ ಕಿವಿಗೆ ಬಿದ್ದಿರುತ್ತದೆ, ಮೂರು ತಿಂಗಳಿಂದ ಮುಟ್ಟಾಗಿಲ್ವಂತೆ, ಬಸುರೂ ಅಲ್ವಂತೆ, ಮೂವತ್ತಾರಕ್ಕೇ ಅಂಗಡಿ ಬಾಗಿಲು ಹಾಕಿತೇನೋ. ಅಂಡಾಶಯ, ಎಂಥ ಚೆಂದದ ಪದ, ಅಂಡ ಮುಗಿದರೂ ಆಶಯ ಉಳಿಯುತ್ತದೆ, ಇದನ್ನು ಗಿಳಿಗೆ ಹೇಳಿದರೆ ಇಡೀ ಲ್ಯಾಬಿಗೆ ಹಂಚುತ್ತಾಳೆ — ಗಿಳಿ ಅಂದರೆ ಪಕ್ಕದ ಮೇಜಿನ ಸಹಾಯಕಿ, ಯಾರ ದನಿ ಬೇಕಾದರೂ ತೆಗೆಯುತ್ತಾಳೆ, ಈಗಲೂ ಮೇಡಮ್ಮರ ಮೂಗುದನಿಯಲ್ಲಿ ಎಲ್ಲರನ್ನೂ ಗದರಿಸುತ್ತಿದ್ದಾಳೆ, ಏನ್ರೀ, ಕೈಗವಸು ಎಲ್ರೀ. ಎಂಟು. ಕೈಗವಸು ಬಂದದ್ದೇ ಐದು ವರ್ಷದಿಂದೀಚೆಗೆ, ಅದಕ್ಕೂ ಮೊದಲು ಬರಿಗೈಯಲ್ಲೇ ಅಳೆದಳು, ಪೇಂಟು ತೆಳು ಮಾಡುವ ಟಾಲ್ವೀನ್, ಅದರ ವಾಸನೆ ಬಟ್ಟೆಗೆ, ಕೂದಲಿಗೆ, ತಲೆದಿಂಬಿಗೆ, ನಿನ್ನ ಪಕ್ಕ ಮಲಗಿದ್ರೆ ಹೊಸ ಮನೆಗೆ ಬಂದ ಹಾಗಿರುತ್ತೆ ಕಣೇ ಅನ್ನುತ್ತಿದ್ದ ಗಂಡ, ಅವಳೂ ನಗುತ್ತಿದ್ದಳು, ಅದೇ ಟಾಲ್ವೀನನ್ನು ಹಂದಿಯ ಕೋಶಗಳಿಗೆ ತೊಟ್ಟು ತೊಟ್ಟಾಗಿ ಹಾಕಿ, ಹಾರ್ಮೋನು ಇಳಿಯುವುದನ್ನು ಬರೆದುಕೊಂಡವಳೂ ಅವಳೇ. ಆಮೇಲೆ ಅಗಸೆಬೀಜದ ಸಾರ ಹಾಕಿದರೆ ಒಂದು ತಟ್ಟೆಯಲ್ಲಿ ಏರಿತು, ಇನ್ನೊಂದರಲ್ಲಿ ಮತ್ತೂ ಇಳಿಯಿತು, ಗಿಡದ್ದೆಲ್ಲ ಒಳ್ಳೇದು ಅಂತ ಯಾರ್ರೀ ಹೇಳಿದ್ದು, ಇದು ನಿಜವಾದ ಮೇಡಂ, ಆದರೂ ಮನೆಗೆ ಹೋಗಿ ದಿನಕ್ಕೆರಡು ಚಮಚ ಅಗಸೆ, ಎಲ್ಲ ಬಲ್ಲವಳು ಆಡಿನ ಹಾಗೆ ಅಗಿದಳು, ಏರಿತೋ ಇಳಿಯಿತೋ. ಹನ್ನೆರಡು. ಕಸಾಯಿಖಾನೆಯಿಂದ ಐಸಿನಲ್ಲಿ ಬರುವ ಗರ್ಭಕೋಶ, ಅದಕ್ಕೆರಡು ಉದ್ದ ಕೊಂಬು, ಕೊಂಬಿನ ತುದಿಯಲ್ಲಿ ದ್ರಾಕ್ಷಿಗೊಂಚಲಿನಂಥ ಅಂಡಾಶಯ, ಒಂದೊಂದರಲ್ಲೂ ಎಷ್ಟೊಂದು ಅಂಡ, ಹೊಟ್ಟೆಕಿಚ್ಚು ಬರುತ್ತದೆ, ಅದೂ ಸತ್ತ ಹಂದಿಯ ಮೇಲೆ. ಹದಿನಾಲ್ಕು. ಕೈಗೊಂದು ಕೆಲಸ ಬೇಕು, ಆ ಮುಚ್ಚಳವನ್ನಾದರೂ ಒರೆಸೋಣ, ಸ್ಪಿರಿಟ್ಟಿನ ಹತ್ತಿ ಹಿಡಿದು ಬಗ್ಗಿದಳು — ದ್ರವವಲ್ಲ, ಶಾಯಿ. ಮುಟ್ಟಬೇಡಿ ಎಂದು ಬೆಳಿಗ್ಗೆ ಅವಳೇ ಕಪ್ಪಿನಲ್ಲಿ ದಪ್ಪಗೆ ಬರೆದಿದ್ದಳು, ಈಗ ಟಕಾರಕ್ಕೆ ಕೆಂಪಿನಲ್ಲಿ ಯಾರೋ ಕೊಂಬು ಎಳೆದಿದ್ದಾರೆ, ಮುಟ್ಟುಬೇಡಿ, ಮುಟ್ಟು ಬೇಡಿ, ಬೇಡಿಕೊಳ್ಳಿ — ಗಿಳಿಯ ಜಡೆಯಲ್ಲಿ ಕೆಂಪು ಪೆನ್ನು. ಗೊತ್ತಾಗಿಬಿಟ್ಟಿದೆ, ಹದಿನೇಳು ಯಾರದೆಂದು ಗೊತ್ತಾಗಿಬಿಟ್ಟಿದೆ, ಎಲ್ಲರೂ ಇತ್ತಲೇ ನೋಡುತ್ತಿದ್ದಾರೆ, ಗಿಳಿ ತನ್ನದೇ ದನಿಯಲ್ಲಿ, ಬೈಬೇಡಿ ಅಕ್ಕಾ, ಪಾಪ ಹಂದಿಗಳ ಪರವಾಗಿ ಒಂದು ಅರ್ಜಿ ಅಷ್ಟೇ. ಹಂದಿಗಳ ಪರವಾಗಿ. ಏನೂ ಗೊತ್ತಿಲ್ಲ, ಇದಕ್ಕೆ ಏನೇನೂ ಗೊತ್ತಿಲ್ಲ, ಹಂದಿಗೆಲ್ಲಿ ಮುಟ್ಟಾಗುತ್ತೆ ಪೆದ್ದೀ ಅನ್ನಲು ಹೋದರೆ ಬಾಯಿಂದ ನಗು ಬಂತು, ಎಲ್ಲರೂ ನಕ್ಕರು, ಎಲ್ಲರಿಗಿಂತ ಜೋರಾಗಿ ಅವಳು, ಮೇಜು ಹಿಡಿದು, ಕಣ್ಣಲ್ಲಿ ನೀರು, ಸೊಂಟದ ನೋವು ಮುಂದಕ್ಕೆ ಬಂದು ಕಿಬ್ಬೊಟ್ಟೆಯನ್ನು ಹಿಂಡುತ್ತದೆ, ತೊಡೆಸಂದಿಯಲ್ಲಿ ಏನೋ ಬೆಚ್ಚಗೆ ಇಳಿಯುತ್ತದೆ, ಪರಿಚಯದ ಬಿಸುಪು, ಯಂತ್ರ ಹದಿನೇಳಕ್ಕೆ ಬಂದಿದೆ, ಅವಳು ಅತ್ತ ತಿರುಗುವುದಿಲ್ಲ, ನಗು ನಿಲ್ಲುವುದಿಲ್ಲ, ಒರೆಸಲು ಹಿಡಿದ ಹತ್ತಿ ಕೈಯಲ್ಲೇ ಇದೆ, ಮುಚ್ಚಳದ ಮೇಲೆ ಒಂದು ಕೊಂಬು, ಕೆಂಪು, ಒಂದು ಕೆಂಪು ಕೊಂಬು —